ಟ್ರ್ಯಾಕ್‌ನಲ್ಲಿ ಕೂಲೆಂಟ್ 112 ಡಿಗ್ರಿ ಮುಟ್ಟುತ್ತಿದೆ, ದೊಡ್ಡ ರೇಡಿಯೇಟರ್ ಹಾಕಿಸಬೇಕಾ?

ಬೂಸ್ಟ್‌ಪ್ರಿಯ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನ್ನದು 2 ಲೀಟರ್ ಟರ್ಬೋ ಪೆಟ್ರೋಲ್ ಕಾರು. ದೊಡ್ಡ ಟರ್ಬೋ ಕೂರಿಸಿ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನ್ ಮಾಡಿಸಿ, ಬೂಸ್ಟ್ (ಟರ್ಬೋ ಎಂಜಿನ್‌ಗೆ ತಳ್ಳುವ ಗಾಳಿಯ ಒತ್ತಡ) 0.8 ಬಾರ್‌ನಿಂದ 1.4ಕ್ಕೆ ಏರಿಸಿದ್ದೇನೆ. ಟರ್ಬೋ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರ್ ಮುಂದಿನ ಬಂಪರ್ ಒಳಗೆ, ರೇಡಿಯೇಟರ್ ಎದುರಿಗೇ ಇದೆ. ಸಿಗ್ನಲ್‌ನಲ್ಲಿ ನಿಂತರೂ, ಹೆದ್ದಾರಿಯಲ್ಲಿ ಎಷ್ಟು ಹೊತ್ತು ಓಡಿಸಿದರೂ ಓಬಿಡಿಯಲ್ಲಿ (ಇಸಿಯು ಅಳತೆಗಳನ್ನು ತೋರಿಸುವ ಸಾಧನ) ಕೂಲೆಂಟ್ 90ರಿಂದ 94 ಡಿಗ್ರಿ ಅಷ್ಟೇ. ಆದರೆ ಟ್ರ್ಯಾಕ್‌ಗೆ ಇಳಿದು ಕೆಲವು ಲ್ಯಾಪ್ ಜೋರಾಗಿ ಓಡಿಸಿದರೆ 105 ಆಗುತ್ತದೆ, ಆಮೇಲೆ 112, ಅಲ್ಲಿಗೆ ನಾನು ಕಾಲು ತೆಗೆಯುತ್ತೇನೆ. ಒಂದು ಲ್ಯಾಪ್ ನಿಧಾನಕ್ಕೆ ಹೋದರೆ ಮತ್ತೆ 95ಕ್ಕೆ ಇಳಿಯುತ್ತದೆ. ಇಷ್ಟೆಲ್ಲ ಆದರೂ ಡ್ಯಾಶ್‌ಬೋರ್ಡ್ ಮುಳ್ಳು ನಡುವಿನಿಂದ ಅಲ್ಲಾಡುವುದಿಲ್ಲ.

ರೇಡಿಯೇಟರ್ ಕಾರಿನ ಜೊತೆ ಬಂದದ್ದೇ. ಕೂಲೆಂಟ್ 50:50 (ಅರ್ಧ ನೀರು, ಅರ್ಧ ಗ್ಲೈಕಾಲ್), ಹೊಸದು. ಒಬ್ಬರು ದಪ್ಪ ಅಲ್ಯೂಮಿನಿಯಂ ರೇಡಿಯೇಟರ್ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಥರ್ಮೋಸ್ಟಾಟ್ (ಬಿಸಿಯಾದಾಗ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ಕಿತ್ತುಬಿಡಿ ಎನ್ನುತ್ತಾರೆ, ಮತ್ತೊಬ್ಬರು ಜೋರಾದ ಫ್ಯಾನ್ ಸಾಕು ಎನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಗಾಳಿದಾರಿ:

ಮೊದಲು ಫ್ಯಾನ್ ವಿಷಯ ಬಿಡಿ. ನಿಂತಾಗ ಬಿಸಿ ಏರುತ್ತಿದ್ದರೆ ಫ್ಯಾನ್ ಮೇಲೆ ಅನುಮಾನ ಪಡಬೇಕು, ನಿಮ್ಮದು ಹಾಗಿಲ್ಲ. ಓಡುವ ವೇಗದ ಗಾಳಿಯೇ ಫ್ಯಾನ್‌ಗಿಂತ ಜಾಸ್ತಿ ಕೆಲಸ ಮಾಡುತ್ತದೆ. ರೇಡಿಯೇಟರ್ ಹಿಂದಿನ ಶ್ರೌಡ್ (ಫ್ಯಾನ್ ಸುತ್ತಲಿನ ಕವಚ) ಪೂರ್ತಿ ಮುಚ್ಚಿದಂತಿದ್ದರೆ ಜೋರು ವೇಗದಲ್ಲಿ ಅದೇ ಅಡ್ಡಿಯಾಗುವುದೂ ಉಂಟು, ಅದಕ್ಕೇ ಕೆಲವು ಶ್ರೌಡ್‌ಗಳಲ್ಲಿ ಗಾಳಿ ತಳ್ಳಿದಾಗ ತೆರೆಯುವ ರಬ್ಬರ್ ಫ್ಲ್ಯಾಪ್ ಇರುತ್ತವೆ.

ಹೆದ್ದಾರಿಯಲ್ಲಿ ಸರಿ ಇದೆ ಅನ್ನುವುದನ್ನು ಸಮಾಧಾನವಾಗಿ ತೆಗೆದುಕೊಳ್ಳಬೇಡಿ. ಒಂದೇ ವೇಗದಲ್ಲಿ ಹೋಗುವಾಗ ಎಂಜಿನ್ ತನ್ನ ಶಕ್ತಿಯಲ್ಲಿ ಸಣ್ಣ ಪಾಲು ಮಾತ್ರ ಬಳಸುತ್ತದೆ. ಟ್ರ್ಯಾಕ್‌ನಲ್ಲಿ ಪೂರ್ತಿ ಥ್ರಾಟಲ್, ಅದೂ ಏರಿಸಿದ ಬೂಸ್ಟ್‌ನಲ್ಲಿ. ಪೆಟ್ರೋಲ್‌ನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಕೂಲೆಂಟ್‌ಗೆ ಸೇರುತ್ತದೆ ಅಂತ ಲೆಕ್ಕ ಹಾಕುತ್ತಾರೆ, ಹಾಗಾಗಿ ಚಕ್ರಕ್ಕೆ ಶಕ್ತಿ ಎಷ್ಟು ಏರಿತೋ ರೇಡಿಯೇಟರ್ ಹೊರಬೇಕಾದ ಬಿಸಿಯೂ ಅಷ್ಟೇ ಏರಿತು.

ನನ್ನ ಅನುಮಾನ ಗಾಳಿಯ ದಾರಿಯ ಮೇಲೆ. ಗಾಳಿ ಯಾವಾಗಲೂ ಸಲೀಸಾದ ಕಡೆ ಹೋಗುತ್ತದೆ. ಇಂಟರ್‌ಕೂಲರ್ ಮತ್ತು ರೇಡಿಯೇಟರ್‌ನ ಸಣ್ಣ ಸಣ್ಣ ಫಿನ್‌ಗಳ ಒಳಗೆ ನುಗ್ಗುವುದಕ್ಕಿಂತ ಪಕ್ಕದ ಸಂದಿನಲ್ಲಿ ನುಸುಳಿ ಹೋಗುವುದು ಅದಕ್ಕೆ ಸುಲಭ. ಬಂಪರ್ ಬಾಯಿಂದ ರೇಡಿಯೇಟರ್ ಕೋರ್‌ವರೆಗೆ (ಫಿನ್‌ಗಳಿರುವ ಭಾಗ) ಮೇಲೆ, ಕೆಳಗೆ, ಎರಡು ಪಕ್ಕ, ಎಲ್ಲಾ ಕಡೆ ಅಲ್ಯೂಮಿನಿಯಂ ಶೀಟು ಮತ್ತು ಫೋಮ್ ಹಾಕಿ ಮುಚ್ಚಿ. ಇಂಟರ್‌ಕೂಲರ್ ಮತ್ತು ರೇಡಿಯೇಟರ್ ನಡುವಿನ ಸಂದನ್ನೂ ಬಿಡಬೇಡಿ. ಕಡಿಮೆ ಖರ್ಚಿನ ಕೆಲಸ ಇದು, ಆದರೆ ಜಾಸ್ತಿ ಜನ ಇದನ್ನು ಮಾಡದೆ ನೇರ ರೇಡಿಯೇಟರ್ ಕೊಳ್ಳಲು ಹೋಗುತ್ತಾರೆ.

ಒಳಗೆ ಬಂದ ಗಾಳಿ ಹೊರಗೆ ಹೋಗಲೂ ಬೇಕು. ಎಂಜಿನ್ ಬೇ ಒಳಗೆ ಒತ್ತಡ ತುಂಬಿಕೊಂಡರೆ ಮುಂದಿನಿಂದ ಎಷ್ಟು ಗಾಳಿ ಬಂದರೂ ಕೋರ್ ದಾಟುವುದಿಲ್ಲ. ಬಾನೆಟ್ ವೆಂಟ್ ಹಾಕಿಸುವುದಾದರೆ ಮುಂದಿನ ಅರ್ಧದಲ್ಲಿ, ರೇಡಿಯೇಟರ್‌ನ ಸ್ವಲ್ಪ ಹಿಂದೆ ಹಾಕಿಸಿ, ಅಲ್ಲಿ ಬಾನೆಟ್ ಮೇಲೆ ಒತ್ತಡ ಕಡಿಮೆ. ವಿಂಡ್‌ಶೀಲ್ಡ್ ಬುಡದಲ್ಲಿ ಮಾತ್ರ ಬೇಡ, ಅಲ್ಲಿ ಗಾಳಿ ಒತ್ತಿಕೊಂಡಿರುತ್ತದೆ, ಬಿಸಿಗಾಳಿ ಹೊರಗೆ ಬರುವ ಬದಲು ಹೊರಗಿನದ್ದು ಒಳಗೆ ಬರಬಹುದು. ಬಾನೆಟ್ ಹಿಂಬದಿಗೆ ವಾಷರ್ ಕೊಟ್ಟು ಎತ್ತಿಸುವವರನ್ನು ನೋಡಿ ಬೇಜಾರಾಗುತ್ತದೆ, ವೇಗದಲ್ಲಿ ಅದು ಉಪಯೋಗಕ್ಕಿಂತ ತೊಂದರೆ ಕೊಡುವುದೇ ಜಾಸ್ತಿ.

ಸುಮ್ನೆ ಊಹೆ ಬೇಡ ಅಂದರೆ ಒಂದು ದಾರಿ ಇದೆ. ತೆಳು ಪಾರದರ್ಶಕ ಟ್ಯೂಬನ್ನು ಯು ಆಕಾರಕ್ಕೆ ಬಗ್ಗಿಸಿ ಸ್ವಲ್ಪ ಬಣ್ಣದ ನೀರು ಹಾಕಿ, ಒಂದು ತುದಿ ರೇಡಿಯೇಟರ್ ಮುಂದೆ, ಇನ್ನೊಂದು ಹಿಂದೆ ಕಟ್ಟಿ. ಪಕ್ಕದ ಸೀಟಿನವರು ನೀರಿನ ಮಟ್ಟದ ವ್ಯತ್ಯಾಸ ನೋಡಲಿ. ಸಂದು ಮುಚ್ಚಿದ ಮೇಲೆ, ಅದೇ ವೇಗದಲ್ಲಿ ವ್ಯತ್ಯಾಸ ಜಾಸ್ತಿಯಾದರೆ ಕೋರ್ ಮೂಲಕ ಜಾಸ್ತಿ ಗಾಳಿ ಹೋಗುತ್ತಿದೆ ಎಂದೇ ಅರ್ಥ.

ಹಳೇವ್ರೆಂಚ್:

ಗಾಳಿ ಬಗ್ಗೆ ಹೇಳಿದ್ದು ಒಪ್ಪುತ್ತೇನೆ, ಆದರೆ ನೀರಿನ ಕಡೆ ನೋಡದೆ ಹೇಗೆ ತೀರ್ಮಾನ ಮಾಡುವುದು? ಪಂಪ್ ಬೆಲ್ಟ್ ಜಾರುತ್ತಿರಬಹುದು, ಪಂಪನ್ನು ನಿಧಾನವಾಗಿ ತಿರುಗಿಸುವ ಪುಲ್ಲಿ ಹಾಕಿರಬಹುದು, ಕೆಳಗಿನ ಹೋಸ್ ಜಾಸ್ತಿ ಆರ್‌ಪಿಎಂನಲ್ಲಿ ಒಳಕ್ಕೆ ಚಪ್ಪಟೆಯಾಗುತ್ತಿರಬಹುದು. ಅದು ಪಂಪ್ ಎಳೆಯುವ ಕಡೆಯ ಹೋಸ್, ಒಳಗೆ ಸ್ಪ್ರಿಂಗ್ ಇಲ್ಲದಿದ್ದರೆ ಹೀಗಾಗುತ್ತದೆ. ರೇಡಿಯೇಟರ್‌ಗೆ ಹೋಗುವ ಹೋಸ್‌ಗೂ ಹೊರಗೆ ಬರುವ ಹೋಸ್‌ಗೂ ಒಂದೊಂದು ಸೆನ್ಸರ್ ಕಟ್ಟಿ, ಜೋರಾಗಿ ಓಡಿಸುವಾಗ ಲಾಗ್ ಮಾಡಿ. ವ್ಯತ್ಯಾಸ ತುಂಬಾ ಜಾಸ್ತಿ ಇದ್ದರೆ ನೀರು ನಿಧಾನವಾಗಿ ಹರಿಯುತ್ತಿದೆ. ವ್ಯತ್ಯಾಸ ಕಡಿಮೆ ಇದ್ದು ಎರಡೂ ಬಿಸಿಯಾಗಿದ್ದರೆ ನೀರು ಓಡುತ್ತಿದೆ, ಬಿಸಿ ಗಾಳಿಗೆ ಹೋಗುತ್ತಿಲ್ಲ.

ಥರ್ಮೋಸ್ಟಾಟ್ ಮಾತ್ರ ದಯವಿಟ್ಟು ಕೀಳಬೇಡಿ. 112ರಲ್ಲಿ ಅದು ಆಗಲೇ ಪೂರ್ತಿ ತೆರೆದಿರುತ್ತದೆ. ತುಂಬಾ ಎಂಜಿನ್‌ಗಳಲ್ಲಿ ಅದು ತೆರೆಯುವಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಕಿತ್ತರೆ ಬೈಪಾಸ್ ತೆರೆದೇ ಉಳಿದು ಒಂದಷ್ಟು ಬಿಸಿನೀರು ರೇಡಿಯೇಟರ್ ನೋಡದೆ ಎಂಜಿನ್‌ಗೇ ವಾಪಸ್ ಹೋಗುತ್ತದೆ, ಬಿಸಿ ಇನ್ನೂ ಏರುತ್ತದೆ. ಕಡಿಮೆ ಡಿಗ್ರಿಯ ಥರ್ಮೋಸ್ಟಾಟ್ ಹಾಕಿದರೂ ಬೇಗ ತೆರೆಯುತ್ತದೆ ಅಷ್ಟೇ, ರೇಡಿಯೇಟರ್ ಶಕ್ತಿ ಹೆಚ್ಚುವುದಿಲ್ಲ. "ನೀರು ನಿಧಾನಕ್ಕೆ ಹರಿದರೆ ಚೆನ್ನಾಗಿ ತಣ್ಣಗಾಗುತ್ತದೆ" ಎನ್ನುವುದನ್ನೂ ನಂಬಬೇಡಿ. ಹೊರಗೆ ಬರುವ ನೀರು ತಣ್ಣಗಿರುತ್ತದೆ ನಿಜ, ಆದರೆ ಒಟ್ಟು ಹೊರಹೋದ ಬಿಸಿ ಕಡಿಮೆಯೇ.

ಬೂಸ್ಟ್‌ಪ್ರಿಯ:

ಇಬ್ಬರಿಗೂ ಧನ್ಯವಾದ. ಸೆನ್ಸರ್ ಕಟ್ಟಿ ನೋಡಿದೆ. ಜೋರಾಗಿ ಓಡಿಸುವಾಗ ಮೇಲಿನ ಹೋಸ್ 108, ಕೆಳಗಿನದು 103. ಕೆಳಗಿನ ಹೋಸ್ ಒಳಗೆ ಸ್ಪ್ರಿಂಗ್ ಇದೆ, ಬೆಲ್ಟ್ ಬಿಗಿಯಾಗಿದೆ. ಬಂಪರ್ ಬಿಚ್ಚಿದಾಗ ಕಂಡದ್ದು: ಇಂಟರ್‌ಕೂಲರ್ ಎರಡೂ ಪಕ್ಕ ಕೈ ತೂರುವಷ್ಟು ಜಾಗ ಖಾಲಿ. ಟರ್ಬೋ ಕೆಲಸದ ಹೊತ್ತಿಗೆ ತೆಗೆದ ಅಂಡರ್‌ಟ್ರೇ (ಎಂಜಿನ್ ಕೆಳಗಿನ ಮುಚ್ಚಳ) ಇನ್ನೂ ವಾಪಸ್ ಹಾಕಿಲ್ಲ, ಇಲ್ಲದಿದ್ದರೆ ಗಾಳಿ ಚೆನ್ನಾಗಿ ಆಡುತ್ತದೆ ಅಂತ ಗ್ಯಾರೇಜಿನಲ್ಲಿ ಹೇಳಿದರು. ಆಯಿಲ್ ಟೆಂಪರೇಚರ್ ನನಗೆ ತೋರಿಸುವ ಮೀಟರ್ ಇಲ್ಲ, ಅದು ಬೇಕೇ ಬೇಕಾ?

ಸಂಪ್‌ಮೀಟರ್:

ಬೇಕು. ಕೂಲೆಂಟ್ ಕೆಲಸಕ್ಕಿಂತ ಮೊದಲು ಅದನ್ನೇ ಹಾಕಿಸಿ ಎನ್ನುತ್ತೇನೆ. ಟ್ರ್ಯಾಕ್‌ನಲ್ಲಿ ಆಯಿಲ್ 110ರಿಂದ 120 ಇರುವುದು ಮಾಮೂಲು, 130 ದಾಟಿ ಏರುತ್ತಲೇ ಇದ್ದರೆ ಬೇರಿಂಗ್‌ಗಳ ಚಿಂತೆ ಮಾಡಬೇಕು. ಆಯಿಲ್ ಕೂಲರ್ ಹಾಕಿದರೆ ಕೂಲೆಂಟ್ ಮೇಲಿನ ಭಾರವೂ ಸ್ವಲ್ಪ ಇಳಿಯುತ್ತದೆ, ಆದರೆ ಅದನ್ನೂ ರೇಡಿಯೇಟರ್ ಎದುರಿಗೇ ಸಿಕ್ಕಿಸಬೇಡಿ. ಅಲ್ಲಿ ಆಗಲೇ ಇಂಟರ್‌ಕೂಲರ್, ಎಸಿ ಕಂಡೆನ್ಸರ್ ಇದೆ, ರೇಡಿಯೇಟರ್‌ಗೆ ಮುಟ್ಟುವ ಗಾಳಿ ಬಿಸಿಯಾಗಿಯೇ ಬರುತ್ತದೆ. ಬಂಪರ್ ಮೂಲೆಯಲ್ಲಿ ಇಟ್ಟು, ಅದರ ಗಾಳಿ ಚಕ್ರದ ಕಮಾನಿನೊಳಗೆ ಹೊರಹೋಗುವಂತೆ ಮಾಡಿಸಿ. ಥರ್ಮೋಸ್ಟಾಟ್ ಇರುವ ಸ್ಯಾಂಡ್‌ವಿಚ್ ಪ್ಲೇಟ್ (ಆಯಿಲ್ ಫಿಲ್ಟರ್ ಬುಡದಲ್ಲಿ ಕೂರಿಸುವ, ಆಯಿಲನ್ನು ಕೂಲರ್‌ಗೆ ಕಳಿಸುವ ತಟ್ಟೆ) ಇರಲಿ, ಇಲ್ಲದಿದ್ದರೆ ಬೆಳಗ್ಗೆ ಆಯಿಲ್ ಬೇಗ ಬಿಸಿಯಾಗುವುದಿಲ್ಲ.

ಟ್ಯೂನ್ ಮಾಡಿದವರ ಹತ್ತಿರ ಲಾಗ್ ಕೇಳಿ. ನಾಕ್ (ಪೆಟ್ರೋಲ್ ಮಿಶ್ರಣ ತಾನಾಗಿ ಹೊತ್ತಿಕೊಂಡು ಬಡಿಯುವುದು) ಬಂದು ಇಸಿಯು ಇಗ್ನಿಷನ್ ಟೈಮಿಂಗ್ ತಡ ಮಾಡುತ್ತಿದ್ದರೆ ಎಕ್ಸಾಸ್ಟ್ ಬಿಸಿ ಏರುತ್ತದೆ, ಆ ಬಿಸಿಯಲ್ಲಿ ಒಂದು ಪಾಲು ಎಕ್ಸಾಸ್ಟ್ ಪೋರ್ಟ್ ಸುತ್ತಲಿನ ಕೂಲೆಂಟ್‌ಗೇ ಬರುತ್ತದೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಕೂಡ ಒಮ್ಮೆ ಪರೀಕ್ಷೆ ಮಾಡಿಸಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ಕೂಡಲೇ ಹೋಸ್ ಗಟ್ಟಿಯಾಗುವುದು, ಟ್ಯಾಂಕ್‌ನಲ್ಲಿ ಗುಳ್ಳೆ ಏಳುವುದು ಕಂಡರೆ ಬೇರೆಲ್ಲ ಬಿಟ್ಟು ಅದನ್ನು ನೋಡಿ.

ಗಾಳಿದಾರಿ:

5 ಡಿಗ್ರಿ ವ್ಯತ್ಯಾಸ ಅಂದರೆ ನೀರು ಸರಿಯಾಗಿ ಓಡುತ್ತಿದೆ. ಅಂಡರ್‌ಟ್ರೇ ಬಗ್ಗೆ ನಿಮಗೆ ಹೇಳಿದ್ದು ನಿಂತ ಕಾರಿಗೆ ಸರಿ ಅನ್ನಿಸಬಹುದು. ವೇಗದಲ್ಲಿ ಅದು ಕೆಳಗಿನ ಗಾಳಿ ಎಂಜಿನ್ ಬೇಗೆ ನುಗ್ಗದಂತೆ ತಡೆಯುತ್ತದೆ, ರೇಡಿಯೇಟರ್ ಹಿಂದೆ ಒತ್ತಡ ಏರಲು ಬಿಡುವುದಿಲ್ಲ. ಮೊದಲು ಅದನ್ನು ವಾಪಸ್ ಹಾಕಿ, ಸಂದು ಮುಚ್ಚಿ, ಓಡಿಸಿ ನೋಡಿ. ವೆಂಟ್ ಆಮೇಲೆ.

ಅಷ್ಟಾದ ಮೇಲೂ ಏರಿದರೆ ರೇಡಿಯೇಟರ್ ಬದಲಿಸಿ, ಆಗ ದಪ್ಪಕ್ಕಿಂತ ಅಗಲ ನೋಡಿ. ಕೋರ್ ದಪ್ಪವಾದಷ್ಟೂ ಗಾಳಿ ದಾಟುವುದು ಕಷ್ಟ, ಹಿಂದಿನ ಸಾಲುಗಳಿಗೆ ಬಿಸಿಯಾದ ಗಾಳಿಯೇ ಸಿಗುತ್ತದೆ. ರೇಡಿಯೇಟರ್ ಕ್ಯಾಪ್ ಹಳೆಯದಾಗಿದ್ದರೆ ಈಗಲೇ ಬದಲಿಸಿ, ಒತ್ತಡ 0.1 ಬಾರ್ ಏರಿದರೆ ಕುದಿಯುವ ಬಿಂದು ಸುಮಾರು 2 ಡಿಗ್ರಿ ಏರುತ್ತದೆ, ಸೋರುವ ಕ್ಯಾಪ್ ಅದನ್ನು ಕಳೆದುಬಿಡುತ್ತದೆ. ಗ್ಲೈಕಾಲ್ ಕಡಿಮೆ ಮಾಡಿದರೂ ಸಹಾಯವಾಗುತ್ತದೆ, ನೀರೇ ಜಾಸ್ತಿ ಬಿಸಿ ಹೊರುವುದು, ಆದರೆ ತುಕ್ಕು ತಡೆಯುವ ಅಡಿಟಿವ್ ಹಾಕದೆ ಬರೀ ನೀರು ಹಾಕಬೇಡಿ.

ಬೂಸ್ಟ್‌ಪ್ರಿಯ:

ಟ್ರೇ, ಸಂದು, ಕ್ಯಾಪ್, ಆಯಿಲ್ ಮೀಟರ್, ಇದೇ ಕ್ರಮದಲ್ಲಿ ಮಾಡುತ್ತೇನೆ. ಒಂದೇ ಅನುಮಾನ: ಮುಂದಿನ ಸಲ ಹೊರಗೆ ತಂಪಿದ್ದು 104ರಲ್ಲಿ ನಿಂತರೆ ಅದು ನನ್ನ ಕೆಲಸದಿಂದಲೋ ಹವೆಯಿಂದಲೋ?

ಹಳೇವ್ರೆಂಚ್:

ಕೂಲೆಂಟ್ ಡಿಗ್ರಿಯಿಂದ ಹೊರಗಿನ ಗಾಳಿಯ ಡಿಗ್ರಿ ಕಳೆದು ಆ ವ್ಯತ್ಯಾಸ ಬರೆದಿಡಿ. 32 ಡಿಗ್ರಿ ಗಾಳಿಯಲ್ಲಿ 112 ಅಂದರೆ 80. 24 ಡಿಗ್ರಿ ಗಾಳಿಯಲ್ಲಿ 104 ಬಂದರೂ ಅದೇ 80, ಏನೂ ಸುಧಾರಿಸಿಲ್ಲ. ಲ್ಯಾಪ್ ಟೈಮ್ ಹೆಚ್ಚುಕಡಿಮೆ ಒಂದೇ ಇರುವ ಲ್ಯಾಪ್‌ಗಳನ್ನೇ ಹೋಲಿಸಿ, ಮತ್ತು ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಓಡಿಸಿ, ಲಾಗ್ ಇಲ್ಲೇ ಹಾಕಿ.