ದಿನಕ್ಕೆ ಎರಡು ಹೊತ್ತು ನೀರು ಹಾಯಿಸಿದರೂ ಟೊಮೆಟೊ ಹೂವು ಉದುರುತ್ತಿದೆ, ಸೌತೆ ಕಹಿಯಾಗುತ್ತಿದೆ

ಪ್ರಶ್ನೆ — ಸುಂಟಿಕೊಪ್ಪದ ಹಿತ್ತಲು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ ಕಾಫಿ ತೋಟದ ಅಂಚಿನಲ್ಲಿದೆ. ಮನೆಯ ಹಿಂದೆ ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಜಾಗವನ್ನು ಹದ ಮಾಡಿ ಜನವರಿ ಕೊನೆಯಲ್ಲಿ ಟೊಮೆಟೊ, ಬೀನ್ಸ್, ಸೌತೆ, ಬೆಂಡೆ ಮತ್ತು ಸ್ವಲ್ಪ ಮೆಣಸಿನ ಗಿಡ ಹಾಕಿದ್ದೇನೆ. ಮಾರ್ಚ್ ಮೊದಲ ವಾರದಲ್ಲಿ ಒಂದು ಮಳೆ ಬಿದ್ದು ಕಾಫಿಗೆ ಹೂವು ಬಂತು. ಅಲ್ಲಿಂದ ಈಚೆಗೆ ಒಂದು ಹನಿಯೂ ಇಲ್ಲ, ಬಾವಿಯ ನೀರೂ ತಳ ಕಾಣುವಷ್ಟು ಇಳಿದಿದೆ.

ಬೆಳಿಗ್ಗೆ ಒಂಬತ್ತಕ್ಕೆ ಮತ್ತು ಸಂಜೆ ನಾಲ್ಕಕ್ಕೆ ಪೈಪಿನಲ್ಲಿ ನೀರು ಹಾಯಿಸುತ್ತಿದ್ದೇನೆ. ಆದರೂ ಟೊಮೆಟೊ ಗಿಡಗಳು ಮಧ್ಯಾಹ್ನ ಜೋತುಬೀಳುತ್ತವೆ, ಹೂವು ಅರಳಿದ ಎರಡನೆಯ ಮೂರನೆಯ ದಿನಕ್ಕೆ ತೊಟ್ಟಿನ ಗಂಟಿನಲ್ಲಿ ಹಳದಿಯಾಗಿ ಕಳಚಿ ಬೀಳುತ್ತದೆ. ಇಪ್ಪತ್ತನಾಲ್ಕು ಗಿಡಗಳಲ್ಲಿ ಈವರೆಗೆ ಕೊಯ್ದ ಹಣ್ಣು ಒಂದು ಸಾರಿಗೂ ಸಾಲದು. ಬೀನ್ಸಿನ ಎಲೆಯ ಮೇಲೆ ಸೂಜಿಯಿಂದ ಚುಚ್ಚಿದಂತೆ ಬಿಳಿ ಚುಕ್ಕೆಗಳು ಎದ್ದು, ಎಲೆ ಕ್ರಮೇಣ ಕಂದುತ್ತಿದೆ. ಸೌತೆ ಕಾಯಿಬಿಟ್ಟಿದೆಯಾದರೂ ಬಾಯಿಗಿಡಲಾರದಷ್ಟು ಕಹಿ. ಬೆಂಡೆ ಮಾತ್ರ ಏನೂ ಆಗಿಲ್ಲವೆಂಬಂತೆ ನಿಂತಿದೆ. ಇನ್ನೂ ಹೆಚ್ಚು ನೀರು ಕೊಡಬೇಕೇ, ಅಥವಾ ನಾನು ಬೇರೆಲ್ಲೋ ತಪ್ಪುತ್ತಿದ್ದೇನೆಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ — ಸೋಮವಾರಪೇಟೆ ತೋಟದವ

ನಮಸ್ಕಾರ ಅಕ್ಕ. ನೀವು ಒಂದೇ ಕಾಯಿಲೆ ಎಂದುಕೊಂಡಿರುವುದು ಮೂರು ಬೇರೆ ಬೇರೆ ತೊಂದರೆಗಳು; ಮೂರಕ್ಕೂ ನೀರೊಂದನ್ನೇ ಮದ್ದಾಗಿ ಕೊಡುತ್ತಿರುವುದರಿಂದ ಬಾವಿ ಬತ್ತುತ್ತಿದೆ, ಗಿಡವೂ ಚೇತರಿಸಿಕೊಳ್ಳುತ್ತಿಲ್ಲ.

ಮೊದಲು ಟೊಮೆಟೊ. ಹಗಲಿನ ಉಷ್ಣಾಂಶ 32 ಡಿಗ್ರಿ ದಾಟಿ, ರಾತ್ರಿಯೂ 21 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಅದರ ಪರಾಗ ಸತ್ವ ಕಳೆದುಕೊಳ್ಳುತ್ತದೆ, ಕಾಯಿ ಕಚ್ಚದ ಹೂವನ್ನು ಗಿಡವೇ ಕಳಚಿಹಾಕುತ್ತದೆ. ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿರುವ ಮಡಿಕೇರಿಯಲ್ಲಿ ಏಪ್ರಿಲ್‌ನಲ್ಲಿಯೂ ರಾತ್ರಿ ತಂಪಾಗುವುದರಿಂದ ಅಲ್ಲಿಯವರಿಗೆ ಈ ಕಷ್ಟ ಕಡಿಮೆ. ಸುಂಟಿಕೊಪ್ಪದಿಂದ ಕುಶಾಲನಗರದ ಕಡೆಗೆ ಇಳಿಯುತ್ತ ಹೋದಂತೆ ಕಷ್ಟ ಹೆಚ್ಚುತ್ತದೆ. ಆದ್ದರಿಂದ ಮಡಿಕೇರಿಯ ನೆಂಟರು "ನಮ್ಮಲ್ಲಿ ಚೆನ್ನಾಗಿ ಬಂದಿದೆ" ಎಂದರೆ ಬೇಸರಪಡಬೇಡಿ. ಬಿಸಿಲೇರುವ ಮುನ್ನ ಹೂಗೊಂಚಲಿನ ಹಿಂದಿನ ಕಾಂಡವನ್ನು ಬೆರಳಿನಿಂದ ಮೆಲ್ಲನೆ ತಟ್ಟಿದರೆ ಇರುವ ಪರಾಗವಾದರೂ ಉದುರಿ ಒಂದಷ್ಟು ಕಾಯಿ ನಿಲ್ಲುತ್ತದೆ. ಯೂರಿಯಾ ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ. ಎಲೆ ಸೊಕ್ಕುತ್ತದೆಯೇ ಹೊರತು ಹೂವು ನಿಲ್ಲುವುದಿಲ್ಲ.

ಬೀನ್ಸಿನದು ನುಸಿಯ ಕಾಟ ಎಂಬುದು ನನ್ನ ಬಲವಾದ ಅನುಮಾನ. ಚುಕ್ಕೆಯಿರುವ ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ಎರಡು ಬಾರಿ ತಟ್ಟಿ ನೋಡಿ. ಬಿದ್ದ ಧೂಳಿನ ಕಣಗಳು ಅರೆಗಳಿಗೆ ಸುಮ್ಮನಿದ್ದು ಆಮೇಲೆ ನಡೆಯತೊಡಗಿದರೆ ಅದು ಜೇಡನುಸಿ. ಕಣವನ್ನು ಉಗುರಿನಿಂದ ಒರೆಸಿದರೆ ಕಾಗದದ ಮೇಲೆ ಕೆಂಪು ಗೀರು ಉಳಿಯುವುದೂ ಉಂಟು. ಬಿಸಿಲು, ಒಣಗಾಳಿ ಮತ್ತು ಎಲೆಯ ಮೇಲಿನ ಧೂಳು ಇವಕ್ಕೆ ಹಬ್ಬವಿದ್ದಂತೆ. ಮೂರು ದಿನ ಬೆಳಗಿನ ಹೊತ್ತು ಎಲೆಯ ಅಡಿಭಾಗಕ್ಕೆ ರಭಸವಾಗಿ ನೀರು ಹೊಡೆಯಿರಿ. ನಂತರ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆಯನ್ನು ತುಸು ಸಾಬೂನು ದ್ರಾವಣದಲ್ಲಿ ಕದಡಿ, ಹೊತ್ತು ಇಳಿದ ಮೇಲೆ ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ ಮಾಡಿ. ಉರಿಬಿಸಿಲಿನಲ್ಲಿ ಎಣ್ಣೆ ಹೊಡೆದರೆ ಎಲೆ ಸುಟ್ಟುಹೋಗುತ್ತದೆ. ಅಂಗಡಿಯವರು ಗಂಧಕದ ಪುಡಿಯನ್ನು ಕೊಟ್ಟರೂ ಈ ಸೆಕೆಯಲ್ಲಿ ಬಳಸಬೇಡಿ, ಎಣ್ಣೆ ಹೊಡೆದ ಹದಿನೈದು ದಿನದೊಳಗಂತೂ ಬೇಡವೇ ಬೇಡ.

ಸೌತೆಯ ಕಹಿಗೆ ಅದರ ಜಾತಿಯಲ್ಲೇ ಇರುವ ಕುಕರ್ಬಿಟಾಸಿನ್ ಎಂಬ ಅಂಶ ಕಾರಣ. ಬಳ್ಳಿ ಒಂದು ದಿನ ಒಣಗಿ ಇನ್ನೊಂದು ದಿನ ನೆನೆಯುತ್ತಿದ್ದರೆ, ಮೇಲೆ ಸೆಕೆಯೂ ಸೇರಿದರೆ ಅದು ಹೆಚ್ಚುತ್ತದೆ. ತೊಟ್ಟಿನ ಕಡೆ ಮತ್ತು ಸಿಪ್ಪೆಯಡಿಯಲ್ಲಿ ಕಹಿ ಹೆಚ್ಚಿರುವುದರಿಂದ ಅಲ್ಪ ಕಹಿಯಾದರೆ ಆ ಭಾಗ ತೆಗೆದು ಉಪಯೋಗಿಸಬಹುದು. ತುದಿ ಕತ್ತರಿಸಿ ನೊರೆ ಬರುವ ತನಕ ಉಜ್ಜುವ ನಮ್ಮ ಹಿರಿಯರ ಪದ್ಧತಿಯಿಂದ ಕಾಯಿಯೊಳಗಿನ ಕಹಿ ಹೋಗುತ್ತದೆಂದು ನಾನು ನಂಬುವುದಿಲ್ಲ. ಬಾಯಿಗಿಡಲಾಗದಷ್ಟು ಕಹಿಯಿದ್ದರೆ ಎಸೆದುಬಿಡಿ. ಸೋರೆಕಾಯಿಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು, ಕಹಿ ಸೋರೆಯ ರಸ ಕುಡಿದವರು ಆಸ್ಪತ್ರೆ ಸೇರಿದ್ದಾರೆ, ಪ್ರಾಣ ಕಳೆದುಕೊಂಡದ್ದೂ ಇದೆ.

ಇನ್ನು ನೀರಿನ ಲೆಕ್ಕ. ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು ಹಾಕಿದರೆ ಅದು ಒಂದು ಮಿಲಿಮೀಟರ್ ಮಳೆಗೆ ಸಮ. ಈ ಬಿಸಿಲಿನಲ್ಲಿ ತರಕಾರಿ ಪಾತಿಗೆ ದಿನಕ್ಕೆ ಸುಮಾರು 5 ಮಿಲಿಮೀಟರ್ ಬೇಕೆಂದುಕೊಂಡರೆ, ಹತ್ತು ಚದರ ಮೀಟರಿಗೆ 50 ಲೀಟರ್ ಆಯಿತು. ನಿಮ್ಮ ಜಾಗ ಸುಮಾರು 55 ಚದರ ಮೀಟರ್. ಓಡಾಡುವ ದಾರಿ ಬಿಟ್ಟು ಪಾತಿಗಳನ್ನಷ್ಟೇ ಲೆಕ್ಕ ಹಿಡಿದರೂ ದಿನಕ್ಕೆ 200 ಲೀಟರ್ ಬೇಕು. ಅದನ್ನು ಎರಡು ಹೊತ್ತು ಮೇಲೆ ಮೇಲೆ ಚಿಮುಕಿಸಿದರೆ ಬಹುಪಾಲು ಆವಿಯಾಗಿ ಹೋಗುತ್ತದೆ. ನಾಳೆ ನೀರು ಹಾಕಿ ಎರಡು ಗಂಟೆಯ ನಂತರ ಟೊಮೆಟೊ ಬುಡದಿಂದ ಒಂದು ಗೇಣು ದೂರದಲ್ಲಿ ಕತ್ತಿಯಿಂದ ಅಗೆದು, ತೇವ ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಿ ಇಲ್ಲಿ ತಿಳಿಸಿ. ಅದು ತಿಳಿಯದೆ ಮುಂದಿನ ಮಾತು ವ್ಯರ್ಥ.

ಉತ್ತರ — ಕುಶಾಲನಗರ ಕಡೆಯವಳು

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಪಾತಿಯ ಮೇಲೆ ಹೊದಿಕೆ ಇದೆಯೇ ಎಂದು ಅಣ್ಣ ಕೇಳಲೇ ಇಲ್ಲ. ಜಿಲ್ಲೆಯ ಒಣ ಭಾಗದಲ್ಲಿರುವ ನಮಗೆ ಬೇಸಿಗೆಯಲ್ಲಿ ಅದೇ ಮೊದಲ ಪ್ರಶ್ನೆ. ಬರಿ ಮಣ್ಣಿನ ಮೇಲೆ ಮಧ್ಯಾಹ್ನ ಬರಿಗಾಲಿನಲ್ಲಿ ನಿಲ್ಲಲು ನಮಗೇ ಆಗುವುದಿಲ್ಲ, ಮೇಲಿನ ಪದರದಲ್ಲಿರುವ ಎಳೆ ಬೇರು ಹೇಗೆ ನಿಂತೀತು?

ನಿಮ್ಮ ಸುತ್ತ ಇಡೀ ತೋಟವೇ ಇರುವಾಗ ತರಗೆಲೆಗೆ ಬರವಿಲ್ಲ. ಪಾತಿಯನ್ನು ಚೆನ್ನಾಗಿ ನೆನೆಸಿ, ಅದರ ಮೇಲೆ ಮೂರು ನಾಲ್ಕು ಬೆರಳು ದಪ್ಪ ತರಗೆಲೆ ಅಥವಾ ಭತ್ತದ ಹುಲ್ಲು ಹರಡಿ, ಕಾಂಡದ ಸುತ್ತ ಎರಡು ಬೆರಳು ಜಾಗ ಬಿಡಿ. ಒಣಮಣ್ಣಿನ ಮೇಲೆ ಹೊದಿಕೆ ಹಾಕಿದರೆ ಒಣಗಿದ್ದನ್ನೇ ಕಾಪಾಡಿದಂತಾಗುತ್ತದೆ, ಆಮೇಲೆ ಹಾಕಿದ ನೀರನ್ನು ಎಲೆಯೇ ಹೀರುತ್ತದೆ. ಸಿಲ್ವರ್ ಓಕ್ ಎಲೆ ಬೇಗ ಕೊಳೆಯುವುದಿಲ್ಲ. ಗೊಬ್ಬರಕ್ಕೆ ಅದು ದೋಷ, ಹೊದಿಕೆಗೆ ಅದೇ ಗುಣ. ಗೆದ್ದಲು ಇರುವ ಜಾಗವಾದರೆ ವಾರಕ್ಕೊಮ್ಮೆ ಹೊದಿಕೆಯನ್ನು ಎತ್ತಿ ನೋಡುತ್ತಿರಬೇಕು.

ಕಾಫಿಯ ಸಿಪ್ಪೆ ಹೇರಳವಾಗಿದೆ ಎಂದು ಹಸಿಯದನ್ನೇ ತಂದು ಸುರಿಯಬೇಡಿ. ಹೋದ ವರ್ಷ ನಾನು ಅದೇ ಕೆಲಸ ಮಾಡಿದೆ. ನಾಲ್ಕು ದಿನ ಕಳೆದು ರಾಶಿಯೊಳಗೆ ಕೈ ಹಾಕಿದರೆ ಬಾಣಂತಿಗೆ ಕಾಯಿಸಿದ ನೀರಿನಂತೆ ಸುಡುತ್ತಿತ್ತು, ಹುಳಿ ವಾಸನೆ ಬೇರೆ. ಎರಡು ಸಾಲು ಬದನೆ ಬುಡದಿಂದ ಬೆಂದುಹೋಯಿತು. ಸಗಣಿ ಸೇರಿಸಿ ತಿಂಗಳುಗಟ್ಟಲೆ ಕಳಿಸಿದ ಸಿಪ್ಪೆ ಮಾತ್ರ ಗಿಡಕ್ಕೆ ಒಗ್ಗುತ್ತದೆ.

ಪಡುವಣ ಬಿಸಿಲಿಗೆ ಒಂದು ತಡೆ ಬೇಕು. ಶೇಕಡಾ 50ರ ನೆರಳು ಪರದೆಯನ್ನು ಮೇಲೆ ಪೂರ್ತಿ ಮುಚ್ಚುವ ಬದಲು ಪಶ್ಚಿಮದ ಕಡೆಗೆ ಓರೆಯಾಗಿ ಕಟ್ಟಿದರೆ ಬೆಳಗಿನ ಬಿಸಿಲು ಗಿಡಕ್ಕೆ ಸಿಗುತ್ತದೆ, ಎರಡು ಗಂಟೆಯ ನಂತರದ ಉರಿ ತಪ್ಪುತ್ತದೆ. ಪರದೆ ಇಲ್ಲದಿದ್ದರೆ ತೋಟದಲ್ಲಿ ನೆರಳು ಬಿಡಿಸುವಾಗ ಬಿದ್ದ ಹಾಲುವಾಣದ ಕೊಂಬೆಗಳನ್ನು ನೆಟ್ಟರೂ ಎಲೆ ಉದುರುವ ತನಕ ಸಾಕು.

ಸೌತೆಗೆ ನಾನು ಮಡಕೆ ಹೂಳುತ್ತೇನೆ. ಮೆರುಗು ಹಚ್ಚದ, ಐದಾರು ಲೀಟರ್ ಹಿಡಿಯುವ ಮಣ್ಣಿನ ಮಡಕೆಯನ್ನು ಕಂಠದ ತನಕ ಹೂತು, ಸುತ್ತಲೂ ಮೂರು ನಾಲ್ಕು ಬೀಜ ಊರಿ, ಮಡಕೆಗೆ ನೀರು ತುಂಬಿ ಬಾಯಿಗೆ ಹಂಚು ಮುಚ್ಚಿದರೆ ತೇವ ನಿಧಾನವಾಗಿ ಬೇರಿನ ಕಡೆಗೆ ಜಿನುಗುತ್ತಿರುತ್ತದೆ. ಬಾಯಿ ತೆರೆದಿಟ್ಟರೆ ಸೊಳ್ಳೆ ಸಾಕಿದಂತೆ. ಬೆಳೆದ ಬಳ್ಳಿಯ ಪಕ್ಕ ಈಗ ಹೂಳಲು ಹೋದರೆ ಬೇರು ಕಡಿಯುತ್ತದೆ, ಆದ್ದರಿಂದ ಇದು ಮುಂದಿನ ಬಿತ್ತನೆಗೆ.

ಉತ್ತರ — ಶನಿವಾರಸಂತೆ ಗದ್ದೆಬದಿ

ಕಟುವಾಗಿ ಹೇಳುತ್ತಿದ್ದೇನೆ, ಕ್ಷಮಿಸಿ. ಟೊಮೆಟೊ ಮತ್ತು ಬೀನ್ಸ್ ಮಳೆ ನಿಂತ ಮೇಲೆ ಹಾಕಿ ಚಳಿಯಲ್ಲಿ ಕೊಯ್ಯಬೇಕಾದವು. ಜನವರಿ ಕೊನೆಯಲ್ಲಿ ನೆಟ್ಟವರು ಹೂವು ಬರುವ ಹೊತ್ತಿಗೆ ಸರಿಯಾಗಿ ಸೆಕೆಗೆ ಸಿಕ್ಕಿಬೀಳುತ್ತಾರೆ. ನಮ್ಮ ಕಡೆ ಭತ್ತ ಕೊಯ್ದ ಗದ್ದೆಗಳಲ್ಲಿ ಹಸಿಮೆಣಸು ಹಾಕುವವರು ಅನೇಕರಿದ್ದಾರೆ. ಗದ್ದೆಯ ಅಡಿಮಣ್ಣಿನಲ್ಲಿ ಉಳಿದ ತೇವವೇ ಅವರ ಅರ್ಧ ಬಂಡವಾಳ. ಹಿತ್ತಲಿನ ಕೆಂಪುಮಣ್ಣಿನಲ್ಲಿ ಆ ತೇವ ಇರುವುದಿಲ್ಲ.

ಬೇಸಿಗೆಯ ಪಾತಿಗೆ ಬೆಂಡೆ, ಅಲಸಂದೆ, ಹೀರೆ, ಹರಿವೆ, ದಂಟು, ಬಸಳೆ ಇವನ್ನು ನೆಚ್ಚಿಕೊಳ್ಳಿ. ನಿಮ್ಮ ಬೆಂಡೆ ತಾನಾಗಿಯೇ ಅದನ್ನು ಹೇಳುತ್ತಿದೆ. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆಯನ್ನು ನಾನು ಹಲವು ವರ್ಷ ಬೆಳೆದಿದ್ದೇನೆ. ಅದೇ ಸಂಸ್ಥೆಯ ಕೇಂದ್ರ ಚೆಟ್ಟಳ್ಳಿಯಲ್ಲೂ ಇದೆ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಬೀಜದ ಅಂಗಡಿಯ ಮಾತು ಕೇಳುವ ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು. ಟೊಮೆಟೊವನ್ನು ನಾನಾಗಿದ್ದರೆ ಕಿತ್ತು ಆ ನೀರನ್ನು ಅಲಸಂದೆಗೆ ಕೊಡುತ್ತಿದ್ದೆ.

ಪ್ರಶ್ನೆ ಕೇಳಿದವರು — ಸುಂಟಿಕೊಪ್ಪದ ಹಿತ್ತಲು

ಮೂವರಿಗೂ ಕೃತಜ್ಞತೆಗಳು. ಇಂದು ಬೆಳಿಗ್ಗೆ ಅಗೆದು ನೋಡಿದೆ. ಅರ್ಧ ಗಂಟೆ ಪೈಪು ಹಿಡಿದಿದ್ದರೂ ಎರಡು ಬೆರಳಿನಷ್ಟು ಮಣ್ಣು ಮಾತ್ರ ಕೆಸರಾಗಿತ್ತು. ಅದರ ಕೆಳಗೆ ರಾಗಿ ಹಿಟ್ಟಿನಂತೆ ಉದುರುವ ಒಣಮಣ್ಣು. ಟೊಮೆಟೊದ ಎಳೆ ಬೇರುಗಳೆಲ್ಲ ಆ ಕೆಸರಿನಲ್ಲೇ ಅಡ್ಡಲಾಗಿ ಹರಡಿಕೊಂಡಿದ್ದವು, ಒಂದೂ ಕೆಳಗೆ ಇಳಿದಿರಲಿಲ್ಲ. ಬೀನ್ಸಿನ ಎಲೆ ತಟ್ಟಿದಾಗ ಕಾಗದದ ಮೇಲೆ ಬಿದ್ದ ಧೂಳು ನಿಜವಾಗಿಯೂ ನಡೆಯಿತು. ಹದಿನಾರು ಟೊಮೆಟೊ ಗಿಡಗಳನ್ನು ಕಿತ್ತಿದ್ದೇನೆ, ಎಂಟನ್ನು ಕೀಳಲು ಮನಸ್ಸು ಬರಲಿಲ್ಲ. ಪಾತ್ರೆ ಮತ್ತು ಬಟ್ಟೆ ತೊಳೆದ ನೀರನ್ನು ಪಾತಿಗೆ ಬಿಡಬಹುದೇ ಎಂಬ ಒಂದು ಸಂದೇಹ ಉಳಿದಿದೆ.

ಉತ್ತರ — ಸೋಮವಾರಪೇಟೆ ತೋಟದವ

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಧಾರಾಳವಾಗಿ ಬಿಡಿ. ಸೋಪಿನ ಪುಡಿ ಹಾಕಿ ಬಟ್ಟೆ ಒಗೆದ ನೀರಿನಲ್ಲಿ ಉಪ್ಪಿನಂಶ ಇರುವುದರಿಂದ ತರಕಾರಿಗೆ ಬೇಡ, ಅದರಲ್ಲೂ ಸೊಪ್ಪಿನ ಪಾತಿಗೆ ಖಂಡಿತ ಬೇಡ. ಹಿತ್ತಲಿನ ಬಾಳೆಯ ಬುಡಕ್ಕೆ ಆಗೊಮ್ಮೆ ಈಗೊಮ್ಮೆ ಬಿಟ್ಟರೆ ಸಾಕು.

ಉಳಿಸಿಕೊಂಡ ಎಂಟು ಗಿಡಗಳಿಗೆ ಇನ್ನು ದಿನ ಬಿಟ್ಟು ದಿನ, ಬೆಳಗಿನ ಏಳು ಗಂಟೆಯೊಳಗೆ, ಬುಡದ ಸುತ್ತ ಬಟ್ಟಲಿನಂತೆ ಮಣ್ಣು ಏರಿಸಿ ಐದು ಲೀಟರಿನಂತೆ ಮೂರು ಕಂತಿನಲ್ಲಿ ಇಂಗಲು ಬಿಟ್ಟು ಹಾಕಿ, ಹೊದಿಕೆ ಮುಚ್ಚಿ. ಬೇರು ಮೇಲೆಯೇ ಇರುವುದರಿಂದ ಮೊದಲ ವಾರ ಸಂಜೆ ಒಂದು ಚೊಂಬು ನೀರು ಹೆಚ್ಚುವರಿಯಾಗಿ ಕೊಡಿ, ಆಮೇಲೆ ನಿಲ್ಲಿಸಿ. ಮಧ್ಯಾಹ್ನ ಬಾಡಿದ ಗಿಡ ಸಂಜೆ ತಾನಾಗಿ ಎದ್ದು ನಿಂತರೆ ಹೆದರಬೇಕಾಗಿಲ್ಲ. ಬೆಳಿಗ್ಗೆಯೂ ಬಾಡಿದ್ದರೆ ಮಾತ್ರ ಮತ್ತೆ ಅಗೆದು ನೋಡಿ. ಭರಣಿ ಮಳೆ ಎರಡು ಸಲ ಚೆನ್ನಾಗಿ ಸುರಿದ ಮೇಲೆ ಹೊದಿಕೆಯನ್ನು ಬುಡದಿಂದ ಒಂದು ಗೇಣು ಆಚೆ ಸರಿಸಿಬಿಡಿ, ಏಕೆಂದರೆ ಬಸವನಹುಳುಗಳು ಅಷ್ಟರಲ್ಲಿ ಅದರಡಿಗೆ ಬಂದು ಸೇರಿಕೊಂಡಿರುತ್ತವೆ.