ಓದುಗರ ಸ್ಪಂದನ: ಎಪಿ ಕ್ರೆಡಿಟ್ ಸಿಕ್ಕಿದೆ, ಮೊದಲ ವರ್ಷ ಬಿಡಬೇಕೆ?

ಟೆಕ್ಸಾಸ್‌ನಲ್ಲಿರುವ ಓದುಗರೊಬ್ಬರು ಹಿಂದಿನ ಸಂಚಿಕೆಯಲ್ಲಿ ತಮ್ಮ ಮಗಳ ವಿಷಯ ಬರೆದಿದ್ದರು. ಎಂಜಿನಿಯರಿಂಗ್ ಓದಲು ಹೊರಟಿರುವ ಆಕೆ ಹೈಸ್ಕೂಲಿನಲ್ಲೇ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಎಪಿ ಎಂಬ ಕಾಲೇಜು ಮಟ್ಟದ ಪರೀಕ್ಷೆಗಳನ್ನು ಬರೆದು ಒಳ್ಳೆಯ ಅಂಕ ಪಡೆದಿದ್ದಾಳೆ. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ ಅವುಗಳಿಗೆ ಸುಮಾರು ಒಂದು ವರ್ಷದ ಕ್ರೆಡಿಟ್, ಅಂದರೆ ಅಷ್ಟು ಕೋರ್ಸುಗಳನ್ನು ಓದಿ ಮುಗಿಸಿದಂತೆ ಮಾನ್ಯತೆ, ಕೊಡುತ್ತದೆ. ಸೀಟು ಸಿಕ್ಕಿರುವ ಖಾಸಗಿ ಕಾಲೇಜು ಏನನ್ನೂ ಕೊಡುವುದಿಲ್ಲ. ಮೂರೇ ವರ್ಷದಲ್ಲಿ ಪದವಿ ಮುಗಿಸಲಿ ಎಂಬುದು ತಂದೆಯ ಹಟ, ಮಗಳಿಗೆ ಅದು ಬೇಡ. ಬಂದ ಉತ್ತರಗಳಲ್ಲಿ ಆಯ್ದವು ಇಲ್ಲಿವೆ.

ಪ್ರಿಯ ಸಹೋದರಿ,

ಖಾಸಗಿ ಕಾಲೇಜು ಕ್ರೆಡಿಟ್ ನಿರಾಕರಿಸಿದ್ದು ಮಗಳ ಶ್ರಮಕ್ಕೆ ಆದ ಅವಮಾನ ಎಂದು ನೀವು ನೊಂದುಕೊಂಡಂತಿದೆ. ಹಾಗೆ ಭಾವಿಸಬೇಕಾಗಿಲ್ಲ. ಕ್ಯಾಲ್‌ಟೆಕ್ ಎಪಿ ಅಂಕಗಳಿಗೆ ಕ್ರೆಡಿಟ್ ಕೊಡುವುದೇ ಇಲ್ಲ. ಡಾರ್ಟ್‌ಮತ್ ಕಾಲೇಜು 2014ರಲ್ಲಿ ಸೇರಿದ ತಂಡದಿಂದ ಅದನ್ನು ನಿಲ್ಲಿಸಿ, ಮೇಲಿನ ಕೋರ್ಸಿಗೆ ನೇರವಾಗಿ ಹೋಗುವ ಅವಕಾಶವನ್ನಷ್ಟೇ ಉಳಿಸಿಕೊಂಡಿತು. ಇತ್ತ ಟೆಕ್ಸಾಸ್ 2015ರಲ್ಲಿ ಮಾಡಿದ ಕಾನೂನಿನಂತೆ ಅಲ್ಲಿನ ಸರ್ಕಾರಿ ಕಾಲೇಜುಗಳು, ಹೆಚ್ಚಿನ ಅಂಕ ಏಕೆ ಬೇಕೆಂದು ಆಧಾರಸಹಿತ ತೋರಿಸದ ಹೊರತು, 5ಕ್ಕೆ 3 ಬಂದವರಿಗೂ ಕ್ರೆಡಿಟ್ ಕೊಡಬೇಕು. ನಾನಿರುವ ಇಲಿನಾಯ್‌ನಲ್ಲೂ ಇಂಥದೇ ಕಾನೂನಿದೆ. ಹೀಗಾಗಿ ಒಂದೇ ಅಂಕಪಟ್ಟಿಗೆ ಒಂದೊಂದು ಕಡೆ ಒಂದೊಂದು ಬೆಲೆ.

ಆದರೆ ಕ್ರೆಡಿಟ್ ಸಿಗುವುದು ಬೇರೆ, ಆ ಕೋರ್ಸನ್ನು ಬಿಟ್ಟು ಮುಂದಕ್ಕೆ ಹೋಗುವುದು ಬೇರೆ. ನಾನು ಪಾಠ ಹೇಳುವ ಗಣಿತವನ್ನೇ ನೋಡಿ. ಎಪಿಯ ಕ್ಯಾಲ್ಕುಲಸ್ ಬಿಸಿ (BC) ಪರೀಕ್ಷೆಯಲ್ಲಿ ಅನುಕಲನದ ಒಂದು ವಿಧಾನವಾದ ಪಾರ್ಷಿಯಲ್ ಫ್ರ್ಯಾಕ್ಷನ್ ಇದೆಯಾದರೂ ಅದು ಪುನರಾವರ್ತನೆಯಾಗದ ಸರಳ ಅಪವರ್ತನಗಳಿಗಷ್ಟೇ ಸೀಮಿತ. ಟ್ರಿಗನಾಮೆಟ್ರಿಕ್ ಸಬ್‌ಸ್ಟಿಟ್ಯೂಷನ್ ಎಂಬ ಇನ್ನೊಂದು ವಿಧಾನ ಅದರ ಪಠ್ಯಕ್ರಮದಲ್ಲೇ ಇಲ್ಲ. ಹಲವು ಕಾಲೇಜುಗಳ ಎರಡನೇ ಸೆಮಿಸ್ಟರಿನಲ್ಲಿ ಇವೆರಡನ್ನೂ ಪೂರ್ತಿ ಕಲಿಸುತ್ತಾರೆ, ಮೂರನೇ ಸೆಮಿಸ್ಟರಿನ ಅಧ್ಯಾಪಕರು ಅವು ಬರುತ್ತವೆಂದೇ ಇಟ್ಟುಕೊಂಡು ಪಾಠ ಮುಂದುವರಿಸುತ್ತಾರೆ. (ನಿಮ್ಮ ಯಜಮಾನರು ಕರ್ನಾಟಕದಲ್ಲಿ ಪಿಯುಸಿ ವಿಜ್ಞಾನ ಓದಿದ್ದರೆ ಆ ಲೆಕ್ಕಗಳನ್ನು ಮಾಡಿಯೇ ಇರುತ್ತಾರೆ.) ಭೌತಶಾಸ್ತ್ರದಲ್ಲಂತೂ ಆಕೆ ಬರೆದದ್ದು ಯಾವ ಪರೀಕ್ಷೆ ಎಂಬುದನ್ನು ಮೊದಲು ನೋಡಬೇಕು. ಎಪಿ ಫಿಸಿಕ್ಸ್ 1 ಮತ್ತು 2 ಬೀಜಗಣಿತದ ಮಟ್ಟದವು, ಫಿಸಿಕ್ಸ್ ಸಿ ಕ್ಯಾಲ್ಕುಲಸ್ ಆಧಾರಿತ. ಎಂಜಿನಿಯರಿಂಗ್ ವಿಭಾಗಗಳು ಸಾಮಾನ್ಯವಾಗಿ ಕೊನೆಯದನ್ನು ಮಾತ್ರ ತಮ್ಮ ಕೋರ್ಸಿಗೆ ಸಮ ಎಂದು ಒಪ್ಪುತ್ತವೆ.

ಆದ್ದರಿಂದ ಹೀಗೆ ಮಾಡಿ. ಸೇರಲಿರುವ ವಿಭಾಗದ ಎರಡನೇ ಸೆಮಿಸ್ಟರ್ ಕ್ಯಾಲ್ಕುಲಸ್‌ನ ಹಳೆಯ ಅಂತಿಮ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ತರಿಸಿಕೊಂಡು, ಪುಸ್ತಕ ಮುಚ್ಚಿಟ್ಟು, ಗಡಿಯಾರ ಎದುರಿಗಿಟ್ಟುಕೊಂಡು ಅವಳೇ ಬಿಡಿಸಲಿ. ಸಲೀಸಾಗಿ ಆದರೆ ಧೈರ್ಯವಾಗಿ ಮೂರನೆಯದಕ್ಕೆ ಹೋಗಲಿ. ತಡವರಿಸಿದರೆ ಎರಡನೆಯದನ್ನೇ ಓದಲಿ. ಎಂಜಿನಿಯರಿಂಗ್‌ಗೆ ಬುನಾದಿಯಾಗುವ ವಿಷಯಗಳಲ್ಲಿ ಅವಸರ ಬೇಡ, ಇತಿಹಾಸ, ಇಂಗ್ಲಿಷ್‌ನಂಥವುಗಳಲ್ಲಿ ಸಿಕ್ಕ ಕ್ರೆಡಿಟ್ಟನ್ನು ಬಿಡಬೇಡಿ ಎಂಬುದು ನನ್ನ ಅಭಿಪ್ರಾಯ. ಕಾಲೇಜಿನ ಆಯ್ಕೆ ಮಾತ್ರ ವಿಭಾಗದ ಗುಣಮಟ್ಟ ಮತ್ತು ಒಟ್ಟು ಖರ್ಚನ್ನು ನೋಡಿ ಆಗಲಿ.

– ಗಣಿತ ಅಧ್ಯಾಪಕಿ, ಇಲಿನಾಯ್

ಮಾನ್ಯರೇ,

ತಂದೆಯವರ ಲೆಕ್ಕಾಚಾರವನ್ನು ತಳ್ಳಿಹಾಕಲಾಗದು. ಒಂದು ವರ್ಷದ ಶುಲ್ಕ, ಹಾಸ್ಟೆಲ್ ಖರ್ಚು ಉಳಿಯುವುದು ಸಣ್ಣ ಮಾತಲ್ಲ. ಆದರೆ ಆ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ಪದವಿಗೆ ಸಾಮಾನ್ಯವಾಗಿ ಕನಿಷ್ಠ 120 ಕ್ರೆಡಿಟ್ ಬೇಕು, 30 ಮೊದಲೇ ಬಂದರೆ ಒಂದು ವರ್ಷ ಉಳಿಯಿತು ಎಂದು ಕಾಗದದ ಮೇಲೆ ಕಾಣುತ್ತದೆ. ಎಂಜಿನಿಯರಿಂಗ್‌ನಲ್ಲಿ ಒಂದು ಕೋರ್ಸ್ ಮುಗಿಸದೆ ಇನ್ನೊಂದಕ್ಕೆ ಸೇರುವಂತಿಲ್ಲ, ಆ ಸರಣಿ ಮಧ್ಯದಲ್ಲೆಲ್ಲೂ ತುಂಡಾಗುವುದಿಲ್ಲ. ಸರಣಿಯ ಹೊರಗಿನ ಕ್ರೆಡಿಟ್ ಎಷ್ಟಿದ್ದರೂ ಪದವಿ ಬೇಗ ಮುಗಿಯುವುದಿಲ್ಲ. ಟೆಕ್ಸಾಸ್‌ನ ಸರ್ಕಾರಿ ಕಾಲೇಜುಗಳಲ್ಲಿ ಎಲ್ಲರಿಗೂ ಕಡ್ಡಾಯವಾದ 42 ಕ್ರೆಡಿಟ್‌ಗಳ ಸಾಮಾನ್ಯ ಪಠ್ಯವಿದೆ, ಎಪಿ ಹೆಚ್ಚು ಉಪಯೋಗಕ್ಕೆ ಬರುವುದು ಅಲ್ಲಿ. ಅಲ್ಲೂ ಒಂದು ತೊಡಕಿದೆ: ರಾಜ್ಯದ ಸಂವಿಧಾನವನ್ನೂ ಓದಬೇಕೆಂದು ಟೆಕ್ಸಾಸ್ ಕಾನೂನು ಹೇಳುತ್ತದೆ, ಎಪಿಯ ಅಮೆರಿಕನ್ ಸರ್ಕಾರ ಪತ್ರಿಕೆಯಲ್ಲಿ ಆ ಭಾಗವಿಲ್ಲ. ವಿಭಾಗದ ಡಿಗ್ರಿ ಪ್ಲಾನ್ ಮುಂದಿಟ್ಟುಕೊಂಡು ಯಾವ ಎಪಿ ಯಾವ ಕೋರ್ಸಿನ ಜಾಗಕ್ಕೆ ಕೂರುತ್ತದೆಂದು ಒಂದೊಂದಾಗಿ ಗುರುತು ಹಾಕಿದರೆ, ಉಳಿಯುವುದು ಒಂದು ವರ್ಷವೋ ಒಂದು ಸೆಮಿಸ್ಟರೋ ತಿಳಿಯುತ್ತದೆ.

ನೀವು ಬರೆದಿಲ್ಲವಾದರೂ, ತಂದೆಯವರ ಅವಸರಕ್ಕೆ ವೀಸಾದ ಚಿಂತೆಯೂ ಕಾರಣವಿದ್ದೀತು. ಉದ್ಯೋಗ ವೀಸಾದಲ್ಲಿರುವವರ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿರುವ ಮಕ್ಕಳಿಗೆ 21 ತುಂಬಿದಾಗ ಆ ಅವಲಂಬನೆ ಮುಗಿಯುತ್ತದೆ, ಓದು ಉಳಿದಿದ್ದರೆ ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಿಕೊಳ್ಳಬೇಕಾಗುತ್ತದೆ. ಅದೇ ಕಾರಣವಾಗಿದ್ದರೆ ವಕೀಲರೊಬ್ಬರನ್ನು ಕೇಳಿ ತೀರ್ಮಾನಿಸುವುದು ಒಳ್ಳೆಯದು. ಮಗಳ ಓದನ್ನು ಅದಕ್ಕಾಗಿ ಅಡ್ಡಾದಿಡ್ಡಿ ಒತ್ತಬೇಡಿ.

– ಇಬ್ಬರು ಕಾಲೇಜು ಮಕ್ಕಳ ತಂದೆ, ಡಲ್ಲಾಸ್

ನಮ್ಮ ಕಡೆಯ ಅನುಭವವೊಂದನ್ನು ಹೇಳುತ್ತೇನೆ. ಕರ್ನಾಟಕದಲ್ಲಿ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಮೂರನೇ ಸೆಮಿಸ್ಟರಿಗೆ ನೇರ ಸೇರುತ್ತಾರೆ. ಲ್ಯಾಬ್‌ನಲ್ಲಿ ಅವರ ಕೈ ಪಳಗಿರುತ್ತದೆ, ಗಣಿತದಲ್ಲಿ ಹಿಂದೆ ಬೀಳುತ್ತಾರೆ. ವಿಟಿಯು ಅವರಿಗೆಂದೇ ಹೆಚ್ಚುವರಿ ಗಣಿತ ಓದಿಸಿದ್ದು ಇದಕ್ಕಾಗಿ. ವರ್ಷ ಉಳಿಯುವುದು ನಿಜ, ಆದರೆ ಬಿಟ್ಟುಬಂದದ್ದನ್ನು ಎಲ್ಲಾದರೂ ತುಂಬಿಕೊಳ್ಳಲೇಬೇಕು.

– ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕರು, ದಾವಣಗೆರೆ

ಆಂಟಿ, ನಾನು ಇತ್ತೀಚೆಗಷ್ಟೇ ಕ್ಯಾಲಿಫೋರ್ನಿಯಾದಲ್ಲಿ ಎಂಜಿನಿಯರಿಂಗ್ ಮುಗಿಸಿದವಳು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಲ್ಲಿ ಎಪಿಯಲ್ಲಿ 3 ಬಂದರೂ ಕ್ರೆಡಿಟ್ ಸಿಗುತ್ತದೆ, ಆದರೆ ಅದು ಯಾವ ಕೋರ್ಸಿಗೆ ಸಮ ಎಂಬುದನ್ನು ಆಯಾ ಕ್ಯಾಂಪಸ್, ಆಯಾ ವಿಭಾಗ ನಿರ್ಧರಿಸುತ್ತದೆ. ನಾನು ನಾಲ್ಕು ವರ್ಷವೂ ಓದಿದೆ. ಉಳಿದ ಕ್ರೆಡಿಟ್‌ಗಳಿಂದ ಕಷ್ಟದ ಟರ್ಮ್‌ಗಳಲ್ಲಿ ಒಂದು ಕೋರ್ಸ್ ಕಡಿಮೆ ಮಾಡಿಕೊಂಡೆ, ಮೂರನೇ ವರ್ಷದಲ್ಲಿ ತರಗತಿಗಳನ್ನು ನಿಲ್ಲಿಸಿ ಕಂಪನಿಯೊಂದರಲ್ಲಿ ಇಂಟರ್ನ್‌ಶಿಪ್ ಮಾಡಿದೆ, ಆದರೂ ಗೆಳತಿಯರ ಜೊತೆಗೇ ಪದವಿ ಪಡೆದೆ. ಮೂರು ವರ್ಷವೋ ನಾಲ್ಕೋ ಎಂದು ಈಗಲೇ ಜಗಳ ಬೇಕಿಲ್ಲ. ಎರಡನೇ ವರ್ಷದ ಕೊನೆಗೆ ಅದು ತಾನಾಗಿಯೇ ಸ್ಪಷ್ಟವಾಗುತ್ತದೆ. ಸದ್ಯಕ್ಕೆ ಅಂಕಗಳನ್ನು ಎಪಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನಿಂದ ಸೇರುವ ಕಡೆಗೆ ಕಳುಹಿಸಲಿ, ಓರಿಯಂಟೇಷನ್ ದಿನ ಸಲಹೆಗಾರರ ಮುಂದೆ ಅವಳೇ ಕುಳಿತು ಪ್ರಶ್ನೆ ಕೇಳಲಿ. ಅಂಕಲ್ ಹೊರಗೆ ಕಾಯುತ್ತಿರಲಿ.

– ಹಳೆಯ ವಿದ್ಯಾರ್ಥಿನಿ, ಸ್ಯಾನ್ ಹೋಸೆ