ಪಿಯು ಮಕ್ಕಳಿಗೆ ಯಾವ ವೈಜ್ಞಾನಿಕ ಚಿತ್ರ ತೋರಿಸಲಿ?

ತಾಲ್ಲೂಕು ಕೇಂದ್ರವೊಂದರ ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ತಿಂಗಳಿಗೊಂದು ಶನಿವಾರ ಪ್ರೊಜೆಕ್ಟರ್‌ನಲ್ಲಿ ಸಿನಿಮಾ ತೋರಿಸಲು ಪ್ರಾಂಶುಪಾಲರು ಒಪ್ಪಿದ್ದಾರೆ. 2001ರಿಂದ 2010ರವರೆಗಿನ ವೈಜ್ಞಾನಿಕ ಕಥಾಚಿತ್ರಗಳಿಂದ ಶುರು ಮಾಡುವ ಆಸೆ. ಮಕ್ಕಳಿಗೆ ಹದಿನೇಳರ ವಯಸ್ಸು, ಹೆಚ್ಚಿನವರು ಕನ್ನಡ ಮಾಧ್ಯಮದಿಂದ ಬಂದವರು. ಹೀಗೆ ತೋರಿಸಿದ ಅನುಭವ ಇರುವವರು ಯಾವುದು ಹಿಡಿಸಿತು, ಯಾವುದು ಕೈಕೊಟ್ಟಿತು ಎಂದು ತಿಳಿಸುವಿರಾ?

ಶಿವಮೊಗ್ಗದ ಉಪನ್ಯಾಸಕ

ಮೇಡಂ, ಎರಡನೇ ಯೋಚನೆಯೇ ಬೇಡ, ‘ಮೂನ್’ (2009) ಹಾಕಿ. ಚಂದ್ರನ ನಮಗೆ ಕಾಣದ ಬದಿಯಲ್ಲಿ ಹೀಲಿಯಂ-3 ಎಂಬ ಇಂಧನ ತೆಗೆಯುವ ಗಣಿ. ಅದನ್ನು ನೋಡಿಕೊಳ್ಳಲು ಮೂರು ವರ್ಷದ ಕರಾರಿನ ಮೇಲೆ ಒಬ್ಬನೇ ಕೆಲಸಗಾರ. ಮನೆಗೆ ಮರಳಲು ಇನ್ನೆರಡು ವಾರ ಇರುವಾಗ ಕಥೆ ಶುರುವಾಗುತ್ತದೆ. ಮುಂದಿನದನ್ನು ನಾನು ಹೇಳುವುದಿಲ್ಲ, ನೀವೂ ಮಕ್ಕಳಿಗೆ ಹೇಳಬೇಡಿ.

ಡಂಕನ್ ಜೋನ್ಸ್ ನಿರ್ದೇಶಿಸಿದ ಮೊದಲ ಕಥಾಚಿತ್ರ ಇದು. ಸುಮಾರು 50 ಲಕ್ಷ ಡಾಲರ್ ವೆಚ್ಚದಲ್ಲಿ, 33 ದಿನಗಳಲ್ಲಿ ಚಿತ್ರೀಕರಿಸಿದರು. ಚಂದ್ರನ ನೆಲದ ಮೇಲೆ ಧೂಳೆಬ್ಬಿಸಿಕೊಂಡು ಓಡುವ ವಾಹನಗಳು ಕೈಯಲ್ಲಿ ಮಾಡಿದ ಪುಟ್ಟ ಮಾದರಿಗಳು. ಚಿತ್ರ ಮುಗಿದ ಮೇಲೆ ಇದನ್ನು ಹೇಳಿದಾಗ ನಮ್ಮ ಹುಡುಗರು ನಂಬಲಿಲ್ಲ. ಆ ಭಾಗವನ್ನು ಎರಡು ಸಲ ಮತ್ತೆ ಹಾಕಿಸಿ ನೋಡಿದರು. ಒಬ್ಬಳು ಎದ್ದು, “ಚಂದ್ರನ ಗುರುತ್ವ ಭೂಮಿಯದರ ಆರನೇ ಒಂದು ಭಾಗ ತಾನೇ? ಹಾಗಿದ್ದರೆ ಅವನು ನೆಲೆಯ ಒಳಗೆ ನಮ್ಮ ಹಾಗೆಯೇ ಹೇಗೆ ನಡೆಯುತ್ತಾನೆ?” ಎಂದು ಕೇಳಿದಳು. ಇಡೀ ವರ್ಷದ ಪಾಠದಲ್ಲಿ ನನಗೆ ಸಿಕ್ಕ ಅತ್ಯುತ್ತಮ ಪ್ರಶ್ನೆ ಅದು. ಅರ್ಧ ಗಂಟೆ ಅದರ ಮೇಲೆಯೇ ಮಾತಾಡಿದೆವು.

ಇನ್ನೊಂದು ಸಂಗತಿಯನ್ನು ಮರೆಯದೆ ಹೇಳಿ. ಹ್ಯೂಸ್ಟನ್‌ನಲ್ಲಿ ನಾಸಾದವರಿಗೆ ಈ ಚಿತ್ರ ತೋರಿಸಿದಾಗ, ನೆಲೆಯನ್ನು ಇಷ್ಟು ದಪ್ಪ ಗೋಡೆಗಳಿಂದ ಏಕೆ ಕಟ್ಟಿದ್ದೀರಿ ಎಂಬ ಪ್ರಶ್ನೆ ಬಂತಂತೆ. ಚಂದ್ರನ ಮೇಲೆ ಸಿಗುವ ವಸ್ತುಗಳಿಂದಲೇ ಕಟ್ಟಬೇಕಲ್ಲವೇ ಎಂದು ಜೋನ್ಸ್ ಉತ್ತರಿಸಿದಾಗ, ಚಂದ್ರನ ಮಣ್ಣಿನ ಕಾಂಕ್ರೀಟಿನ ಮೇಲೆ ತಾನು ಕೆಲಸ ಮಾಡುತ್ತಿದ್ದೇನೆ ಎಂದು ಸಭೆಯಲ್ಲಿದ್ದ ಮಹಿಳೆಯೊಬ್ಬರು ಹೇಳಿದರಂತೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೊ ಸೇರಿ 2020ರಲ್ಲಿ ಇದೇ ದಾರಿಯಲ್ಲಿ ಒಂದು ಇಟ್ಟಿಗೆ ಮಾಡಿ ತೋರಿಸಿದವು. ಚಂದ್ರನ ಮಣ್ಣನ್ನು ಹೋಲುವ ಪುಡಿ, ಯೂರಿಯಾ, ಬ್ಯಾಕ್ಟೀರಿಯಾ, ಜೊತೆಗೆ ಗೋರಿಕಾಯಿ ಬೀಜದ ಅಂಟು! ನಾವು ಪಲ್ಯ ಮಾಡುವ ಅದೇ ಗೋರಿಕಾಯಿ. ಚಿತ್ರದಲ್ಲಿ ಕೆಲವು ಬೈಗುಳಗಳಿವೆ, ಮೊದಲು ನೀವೊಬ್ಬರೇ ನೋಡಿಕೊಳ್ಳಿ.

ಬೆಂಗಳೂರಿನ ಎಂಜಿನಿಯರ್

‘ಪ್ರೈಮರ್’ (2004) ನನಗೆ ಪ್ರಾಣ, ಆದರೂ ಮೊದಲಿಗೆ ಬೇಡ. ಗಣಿತ ಓದಿದ ಶೇನ್ ಕರೂತ್ ಸುಮಾರು 7,000 ಡಾಲರ್‌ಗಳಲ್ಲಿ ಬರೆದು, ನಿರ್ದೇಶಿಸಿ, ನಟಿಸಿ, ಸಂಗೀತವನ್ನೂ ತಾನೇ ಮಾಡಿ ಸನ್‌ಡಾನ್ಸ್ ಉತ್ಸವದ ದೊಡ್ಡ ಬಹುಮಾನ ಗೆದ್ದ ಚಿತ್ರ. ಗ್ಯಾರೇಜಿನಲ್ಲಿ ಕಾಲಯಂತ್ರ ಮಾಡುವ ಗೆಳೆಯರು ಎಂಜಿನಿಯರುಗಳ ಹಾಗೆಯೇ ಮಾತಾಡುತ್ತಾರೆ, ನಮಗಾಗಿ ಏನನ್ನೂ ಬಿಡಿಸಿ ಹೇಳುವುದಿಲ್ಲ. ಹಾಸ್ಟೆಲಿನಲ್ಲಿ ನಲವತ್ತು ಜನ ಕೂತಿದ್ದೆವು, 77 ನಿಮಿಷ ಮುಗಿದಾಗ ಆರು ಜನ ಉಳಿದಿದ್ದೆವು. ಆ ಆರು ಜನ ಬೆಳಗಿನ ಜಾವದವರೆಗೂ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದೆವು. ನಿಮ್ಮಲ್ಲಿ ಅಂಥ ಆರು ಮಕ್ಕಳು ಕಂಡರೆ ಅವರಿಗೆ ಮಾತ್ರ ತೋರಿಸಿ.

ಬಾಗಲಕೋಟೆಯಿಂದ

ನಮ್ಮದು ಮುಳುಗಡೆಯಲ್ಲಿ ಮನೆ ಕಳೆದುಕೊಂಡ ಕುಟುಂಬ. ನೀಲ್ ಬ್ಲೊಮ್‌ಕ್ಯಾಂಪ್ ಅವರ ‘ಡಿಸ್ಟ್ರಿಕ್ಟ್ 9’ (2009) ಅನ್ನು ಅಪ್ಪನ ಜೊತೆ ನೋಡಿದೆ. ಜೊಹಾನ್ಸ್‌ಬರ್ಗ್ ನಗರದ ಮೇಲೆ ಬಂದು ನಿಂತ ಹಡಗು, ಅದರೊಳಗೆ ಹಸಿದು ಸೊರಗಿದ ಅನ್ಯಗ್ರಹದ ಜೀವಿಗಳು. ಅವರನ್ನು ಕೊಳೆಗೇರಿಯಲ್ಲಿ ಕೂಡಿಹಾಕಿ, ವರ್ಷಗಳ ನಂತರ ಊರಾಚೆ ಸಾಗಿಸಲು ಹೊರಡುತ್ತಾರೆ. ಅಧಿಕಾರಿ ಮನೆ ಮನೆಗೆ ಹೋಗಿ ನೋಟಿಸಿಗೆ ಸಹಿ ಹಾಕಿಸುತ್ತಾನೆ. ಒಂದು ಜೀವಿ ಸಿಟ್ಟಿನಿಂದ ಕಾಗದಕ್ಕೆ ಹೊಡೆದರೆ, ಆ ಗುರುತನ್ನೇ ಸಹಿ ಎಂದು ಲೆಕ್ಕ ಹಿಡಿಯುತ್ತಾನೆ. ಇಂಗ್ಲಿಷ್ ಬಾರದ ಅಪ್ಪ ಅಲ್ಲಿಯವರೆಗೆ ಸುಮ್ಮನಿದ್ದವರು, “ನಿಲ್ಲಿಸು, ಅದನ್ನು ಇನ್ನೊಮ್ಮೆ ತೋರಿಸು” ಎಂದರು. ಆ ರಾತ್ರಿ ಹಳೆಯ ಮನೆಯ ಕಟ್ಟೆ, ಬೇವಿನ ಮರದ ಮಾತೇ ಮಾತು.

ಕಥೆಯ ಹಿಂದೆ ದಕ್ಷಿಣ ಆಫ್ರಿಕಾದ ಕೇಪ್ ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಬಡಾವಣೆ ಇದೆ. 1966ರಲ್ಲಿ ಅದನ್ನು ಬಿಳಿಯರಿಗೆ ಮಾತ್ರ ಎಂದು ಘೋಷಿಸಿ, ಮುಂದೆ 60,000ಕ್ಕೂ ಹೆಚ್ಚು ಜನರನ್ನು ಎಬ್ಬಿಸಿದರು. ಇದನ್ನು ಮೊದಲೇ ವಿವರಿಸಿ ತೋರಿಸಿ. ರಕ್ತಪಾತ ಬಹಳ, ಆದ್ದರಿಂದ ಎರಡನೇ ವರ್ಷದವರಿಗೆ, ಅದೂ ಆಯ್ದ ದೃಶ್ಯಗಳು ಸಾಕು.

ಉಡುಪಿಯ ಗ್ರಂಥಪಾಲಕಿ

ಭಾಷೆಯ ಚಿಂತೆಯಿದ್ದರೆ ‘ವಾಲ್-ಈ’ (2008). ಮೊದಲ ಅರ್ಧ ಗಂಟೆಯಲ್ಲಿ ಸಂಭಾಷಣೆ ಇಲ್ಲವೆಂದರೂ ನಡೆದೀತು. ಕಸದ ರಾಶಿಗಳ ನಡುವೆ ಉಳಿದ ಪುಟ್ಟ ಯಂತ್ರದ ದನಿಯೇ ಎಲ್ಲವನ್ನೂ ಹೇಳುತ್ತದೆ. ಅನಿಮೇಷನ್ ಎಂದರೆ ಚಿಕ್ಕವರದು ಎಂದು ಮೂಗು ಮುರಿದ ಹುಡುಗರೇ ಕೊನೆಗೆ ಕಣ್ಣೊರೆಸಿಕೊಂಡರು. ಉಳಿದ ಚಿತ್ರಗಳಿಗೆ ಇಂಗ್ಲಿಷ್ ಅಡಿಬರಹ ಹಾಕಿ, ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಕಥೆಯನ್ನು ಮಕ್ಕಳಿಂದಲೇ ಕನ್ನಡದಲ್ಲಿ ಹೇಳಿಸಿ.

ಕೇಳಿದವರು

ಎಲ್ಲರಿಗೂ ಋಣಿ. ಮೊದಲ ಶನಿವಾರ ‘ವಾಲ್-ಈ’, ಮುಂದಿನದು ‘ಮೂನ್’. ನಮ್ಮ ಹಿತ್ತಲಲ್ಲಿ ಗೋರಿಕಾಯಿ ಬಲಿತಿದೆ, ಬೀಜ ಒಣಗಿಸಲು ಇಟ್ಟಿದ್ದೇನೆ. ಅದರ ಅಂಟನ್ನು ಪ್ರಯೋಗಾಲಯದಲ್ಲಿ ತೆಗೆದು ನೋಡಿದವರು ಯಾರಾದರೂ ಇದ್ದೀರಾ?